ಕಡಲೆಕಾಳಿನಷ್ಟು ನೀಲಿ

ಮುಲಾಮಿನ ಡಬ್ಬಿಯೊಳಗೆ ಇಡುವ ಚೀಟಿಯ ಎರಡನೇ ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ಮೂರನೆಯದಕ್ಕೆ ತಿರುಗಿಸುವಾಗ ಅವಳ ಎಡಗೈ ತನ್ನಷ್ಟಕ್ಕೆ ಏಪ್ರನ್ನಿನ ಜೇಬಿಗೆ ಹೋಗಿ ಬಂತು. ಪೊಟ್ಟಣ ಇತ್ತು. ಎಣ್ಣೆ ಕಾಗದದ ಸಣ್ಣ ಪೊಟ್ಟಣ, ಒಳಗೆ ಕಡಲೆಕಾಳಿನಷ್ಟು ನೀಲಿ ಇಂಕು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗಿ ಬರುವವರ ಹಾಗೆ, ಅವಳಿಗೆ ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳದಿದ್ದರೆ ಸಮಾಧಾನವಿರಲಿಲ್ಲ.

ಅವಳ ಕೆಲಸ ಬೈಂಡಿಂಗ್ ಕೋಣೆಯಲ್ಲಿ. ಮಡಿಸುವುದು, ಜೋಡಿಸುವುದು, ಅಂಟಿಸುವುದು. ನಡುವೆ ಒಂದು ಬಾಗಿಲು ದಾಟಿದರೆ ಮಿಷನ್ ಕೋಣೆ. ಅಲ್ಲಿ ಅವಳ ಗಂಡ. ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಆ ಹಳೆಯ ಆಫ್‌ಸೆಟ್ ಮಿಷನ್ ಅವನ ಮಾತನ್ನಲ್ಲದೆ ಇನ್ನೊಬ್ಬರ ಮಾತು ಕೇಳುವುದಿಲ್ಲ ಎಂದು ಪ್ರತೀತಿ. ಬೆಳಿಗ್ಗೆ ಬಂದವನು ಅದರ ಕೀಲುಕೀಲಿಗೂ ಎಣ್ಣೆ ಕುಡಿಸುತ್ತಿದ್ದ, ರೋಲರುಗಳ ಮೈ ಸವರಿ ನೋಡುತ್ತಿದ್ದ, ಆಮೇಲೆ ಬೇರಿಂಗಿಗೆ ಕಿವಿಯಾನಿಸಿ ಎದೆಬಡಿತ ಕೇಳುತ್ತಿದ್ದ. "ಹೆಂಡ್ತಿಗೆ ಜ್ವರ ಬಂದ್ರೆ ಮಾತ್ರೆ ಇದೆಯಲ್ಲ ಅಂತಾರೆ. ಮಿಷನ್ ಕೆಮ್ಮಿದ್ರೆ ರಾತ್ರಿ ನಿದ್ದೆ ಇಲ್ಲ," ಎಂದು ಅವಳು ನಗುತ್ತ ಹೇಳುವುದಿತ್ತು. ಪೂರ್ತಿ ನಗು ಅಲ್ಲ ಅದು.

ಹೋದ ವರ್ಷ ಒಂದು ದಿನ ಅವನು ಆಗತಾನೆ ಮುದ್ರಿಸಿದ ಹಾಳೆಯೊಂದನ್ನು ಹಿಡಿದುಕೊಂಡು ಬೈಂಡಿಂಗ್ ಕೋಣೆಗೆ ಬಂದಿದ್ದ. ಮುಖದಲ್ಲಿ ಹುರುಪು. "ನೋಡೇ ಇಲ್ಲಿ, ಹಸಿರು ಅಂದ್ರೆ ಇದು. ಗಿಳಿ ಕೂತ ಹಾಗಿದೆ."

ಗಿಳಿಗೆ ಕಾಮಾಲೆಯಾದ ಹಾಗಿತ್ತು. ಅವಳು ಹಾಳೆಯನ್ನು ನೋಡಿದಳು, ಗಂಡನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಏನೋ ಎಂದು ಇನ್ನೊಂದು ಸಲ ನೋಡಿದಳು. "ಚೆನ್ನಾಗಿದೆ" ಎಂದಳು. ಅವನು ಊಟಕ್ಕೆ ಕೈ ತೊಳೆಯಲು ಹೋದಾಗ ಇಂಕು ಕಲಸುವ ಗಾಜಿನ ಹಲಗೆಯ ಮುಂದೆ ನಿಂತು, ಚಾಕುವಿನ ತುದಿಯಲ್ಲಿ ಒಂದು ಕಾಳಿನಷ್ಟು ನೀಲಿ ತೆಗೆದು ಹಸಿರಿಗೆ ಸೇರಿಸಿ ಕಲಸಿದಳು. ಗಿಳಿ ಹುಷಾರಾಯಿತು. ಅಂದಿನಿಂದ ಇದು ನಿತ್ಯದ ಕೆಲಸ. ಅವನ ಬಣ್ಣಗಳೆಲ್ಲ ಹಳದಿಯ ಕಡೆಗೆ ವಾಲುತ್ತಿದ್ದವು. ಅವಳು ಕಳ್ಳತನದಲ್ಲಿ ಹೋಗಿ ನೆಟ್ಟಗೆ ನಿಲ್ಲಿಸಿ ಬರುತ್ತಿದ್ದಳು. ಬೆರಳ ತುದಿಯಿಂದ ಕಾಗದದ ಮೇಲೆ ಒಂದು ಚುಕ್ಕೆ ತಟ್ಟಿ, ಕಿಟಕಿಯ ಬೆಳಕಿಗೆ ಹಿಡಿದು, ಸಾಕೋ ಬೇಕೋ ನೋಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಬರಬರುತ್ತ ಆ ಒಂದು ಗಳಿಗೆಗಾಗಿ ಬೆಳಗಿನಿಂದ ಕಾಯುವಂತಾಗಿತ್ತು. ಬಣ್ಣ ಸರಿಯಾಗಿ ಕೂತಾಗ ಎದೆಯಲ್ಲಿ ಏನೋ ಒಂದು ಹಗುರಾಗುತ್ತಿತ್ತು. ಅಷ್ಟು ಹೊತ್ತು ಅವಳು ಯಾರ ಹೆಂಡತಿಯೂ ಆಗಿರುತ್ತಿರಲಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದು ಗೋಗರೆದದ್ದಕ್ಕೆ ಒಬ್ಬನೇ ಹೋಗಿ ಬಂದು ಗೆದ್ದವನಂತೆ ಹೇಳಿದ್ದ: "ಪೊರೆ ಇಲ್ವೇ ಇಲ್ಲ ಅಂದ್ರು. ನಿನ್ನ ಬಾಯಿಗೆ ಬಂದಿದ್ದೆಲ್ಲ ನನ್ನ ಕಣ್ಣಿಗೆ ಬರಲ್ಲ, ತಿಳ್ಕೋ."

ನಿನ್ನೆ ಸಂಜೆ ಯಜಮಾನರು ಅವಳನ್ನು ಕಾಗದದ ಅಟ್ಟಿಯ ಹಿಂದೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದರು: "ನೋಡಮ್ಮ, ನಾಳೆ ಮುಲಾಮಿನವರ ಲೇಬಲ್ಲು. ಆ ಮನುಷ್ಯನಿಗೆ ಹಸಿರು ಒಂದು ಕೂದಲೆಳೆ ಹೆಚ್ಚುಕಮ್ಮಿಯಾದ್ರೂ ಆಗಲ್ಲ, ಜನ ನಕಲಿ ಮಾಲು ಅಂತಾರಂತೆ. ಮಿಷನ್‌ಗೆ ಇನ್ನೊಬ್ಬರನ್ನ ನೋಡಿಟ್ಟಿದೀನಿ. ನಾಳೆ ಸರಿಹೋದ್ರೆ ಆ ಮಾತು ಇಲ್ಲಿಗೇ ಬಿಟ್ಟೆ. ಕೆಟ್ರೆ ಮೇಸ್ತ್ರಿನ ಗೋಡೌನಿಗೆ ಹಾಕ್ಬೇಕಾಗುತ್ತೆ. ಸ್ಟೂಲ್ ಮೇಲೆ ಕೂತು ಕಾಗದ ಕಾಯ್ಲಿ."

ಮಿಷನ್ನಿನಿಂದ ಕಿತ್ತು ಸ್ಟೂಲಿನ ಮೇಲೆ ಕೂರಿಸಿದರೆ ಗಂಡ ಎಷ್ಟು ದಿನ ಬದುಕಿಯಾನು ಎಂದು ಅವಳು ರಾತ್ರಿಯೆಲ್ಲ ಯೋಚಿಸಿದ್ದಳು. ಆದರೆ ಇವತ್ತು ಅವನು ಬೆಳಕು ಹರಿಯುತ್ತಲೇ, "ಮಿಷನ್ ತೊಳೀಬೇಕು" ಎಂದು ಒಬ್ಬನೇ ಹೊರಟುಬಿಟ್ಟಿದ್ದ. ಅವಳು ಮನೆಗೆಲಸ ಮುಗಿಸಿ ಬರುವಷ್ಟರಲ್ಲಿ ಹಸಿರು ಕಲಸಿ ಡಬ್ಬಿಗೆ ತುಂಬಿ, ಮೇಲೆ ಕಾಗದ ಮುಚ್ಚಿ, ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಅದರ ಪಕ್ಕದಲ್ಲೇ ಕೂತಿದ್ದ. ಅಲ್ಲಾಡಲೊಲ್ಲ.

"ರೀ, ಕಾಫಿ?"

"ಇಲ್ಲಿಗೇ ತಾ."

"ಕೈ ತೊಳ್ಕೊಂಡು ಬನ್ನಿ."

"ಲೋಟ ನೀನೇ ಹಿಡ್ಕೋ, ಕುಡೀತೀನಿ."

ಅವಳು ಲೋಟ ಹಿಡಿದಳು. ಅವನು ಕರುವಿನಂತೆ ಕುಡಿದ. ಪೊಟ್ಟಣ ಜೇಬಿನಲ್ಲೇ ಉಳಿಯಿತು.

ಅಷ್ಟರಲ್ಲಿ ಮುಲಾಮಿನವರು ಬಂದೇಬಿಟ್ಟರು. ಬಂದರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವರು ಮೆಟ್ಟಿಲು ಹತ್ತುವಾಗಲೇ ಪ್ರೆಸ್ಸಿನಲ್ಲಿ ನೆಗಡಿಯಾದವರಿಗೆಲ್ಲ ಮೂಗು ತೆರೆದುಕೊಂಡಿತು. ಅಂಗಿಯ ಜೇಬಿನಿಂದ ಹಳೆಯ ಲೇಬಲ್ಲೊಂದನ್ನು ಮಗುವಿನ ಜಾತಕದಂತೆ ಬಿಚ್ಚಿ, "ಇದು ನನ್ನ ಹಸಿರು" ಎಂದು ಎಲ್ಲರಿಗೂ ದರ್ಶನ ಮಾಡಿಸಿ, ಮಿಷನ್ ಕೋಣೆಯ ಒಂದೇ ಒಂದು ಕಿಟಕಿಗೆ ಬೆನ್ನು ಕೊಟ್ಟು ನಿಂತರು. ಅವರ ಬೆನ್ನು ಸಣ್ಣದಾಗಿರಲಿಲ್ಲ. ಕೋಣೆಗೆ ಬರುತ್ತಿದ್ದ ಬೆಳಕೆಲ್ಲ ಅದರ ಹಿಂದೆಯೇ ಉಳಿಯಿತು.

ಆಗ ದೇವರಂತೆ ಬಂದವನು ಕಾಗದ ಕತ್ತರಿಸುವ ಕತ್ತರಿ. ಅವನ ಹೆಸರೇ ಅದಾಗಿಹೋಗಿತ್ತು. ಕೆಲಸವೂ ಅದೇ, ನಾಲಿಗೆಯೂ ಅದೇ.

"ಅಣ್ಣ, ಕಾಗದ ಯಾಕೋ ಹಸಿ ಹಿಡಿದ ಹಾಗಿದೆ. ಒಂದ್ಸಲ ಬಂದು ಮುಟ್ಟಿ ನೋಡು."

"ನೀನೇ ನೋಡೋ."

"ನನ್ನ ಕೈಗೆ ಗೊತ್ತಾದ್ರೆ ನಾನೇ ಮೇಸ್ತ್ರಿ ಆಗ್ತಿರ್ಲಿಲ್ವಾ? ಅಂಚು ಅಲೆ ಅಲೆಯಾಗಿದೆ ಅಣ್ಣ. ನಾಳೆ ನನ್ನ ಬೈಬೇಡ."

ಕಾಗದದ ಮಾತೆಂದರೆ ಮೇಸ್ತ್ರಿಗೆ ತಡೆಯಲಾಗುವುದಿಲ್ಲ. ಎದ್ದ. ಅವನು ಹೊಸ್ತಿಲು ದಾಟಿದ್ದೇ ತಡ ಅವಳು ಹಲಗೆಯ ಬಳಿಗೆ ಬಂದಳು. ಡಬ್ಬಿಯ ಕಾಗದ ಸರಿಸಿದಳು. ಮುಲಾಮಿನವರ ನೆರಳಿನಲ್ಲಿ ಹಸಿರು ಹಸಿರೋ ಕಪ್ಪೋ ತಿಳಿಯುವಂತಿರಲಿಲ್ಲ. ಚುಕ್ಕೆ ತಟ್ಟಿ ಕಿಟಕಿಗೆ ಹಿಡಿಯೋಣವೆಂದರೆ ಕಿಟಕಿಯಲ್ಲಿ ಅವರೇ ತುಂಬಿಕೊಂಡಿದ್ದಾರೆ. ದಿನಾ ಹಾಕುವುದೇ ತಾನೇ, ಎಂದುಕೊಂಡಳು. ಪೊಟ್ಟಣ ಬಿಚ್ಚಿ, ಚಾಕುವಿನಿಂದ ನಾಲ್ಕು ಸುತ್ತು ಕಲಸಿ, ಕಾಗದ ಮುಚ್ಚಿ, ಮಡಿಕೆಯ ಮೇಜಿಗೆ ಬಂದು ಕೂತು ಚೀಟಿ ಮಡಿಸತೊಡಗಿದಳು.

ಮೇಸ್ತ್ರಿ ಹಿಂದಿರುಗಿ ಬಂದು ಇಂಕಿನ ತೊಟ್ಟಿಗೆ ಹಸಿರು ತುಂಬಿದ. ನೀರಿನ ರೋಲರು ನೆನೆಸಿದ, ಪ್ಲೇಟು ಒರೆಸಿದ, ಇನ್ನೇನು ಗುಂಡಿ ಒತ್ತಬೇಕು, ಆಫೀಸಿನ ಬಾಗಿಲಿನಿಂದ ಯಜಮಾನರು ಕೈಬೀಸಿದರು. "ಮೇಸ್ತ್ರಿ, ಹೀಗೆ ಬನ್ನಿ. ನೀವೂ ಮುಲಾಮಿನವರೂ ಕೂತು ಒಂದು ಗಳಿಗೆ ಮಾತಾಡಿ."

"ಏನು ಸಾರ್ ಇವತ್ತು, ಎಲ್ರೂ ನನ್ನನ್ನ ಮದುವೆ ಗಂಡಿನ ಹಾಗೆ ಕರೆದೂ ಕರೆದೂ ಕೂರಿಸ್ತಿದೀರಿ?"

"ಬನ್ನಿ ಬನ್ನಿ."

ಹೋದ. ಅವಳು ತಲೆಯೆತ್ತಿ ನೋಡಿದಾಗ ಕತ್ತರಿ ಮಿಷನ್ ಕೋಣೆಯಿಂದ ಬೆಕ್ಕಿನ ಹೆಜ್ಜೆಯಲ್ಲಿ ಹೊರಬಂದು, ಹೆಬ್ಬೆರಳನ್ನು ಪ್ಯಾಂಟಿನ ಹಿಂಭಾಗಕ್ಕೆ ಒರೆಸಿಕೊಳ್ಳುತ್ತಿದ್ದ. ರೋಲರು ತೊಳೆಯುವ ಸೀಮೆಎಣ್ಣೆ ಕದ್ದಿರಬೇಕು, ಸ್ಟವ್ವಿಗೆ, ಎಂದುಕೊಂಡಳು. ಕಷ್ಟದಲ್ಲಿದ್ದಾನೆ, ಇರಲಿ.

ಮುಲಾಮಿನವರು ಬಂದು ಮತ್ತೆ ಕಿಟಕಿ ತುಂಬಿಕೊಂಡರು, ಮೇಸ್ತ್ರಿ ಬಂದು ಮಿಷನ್ ಶುರು ಮಾಡಿದ. ನಾಲ್ಕಾರು ಹಾಳೆ ಸಾಗುವಷ್ಟರಲ್ಲಿ ಫೀಡರು ಎರಡು ಹಾಳೆಗಳನ್ನು ಒಟ್ಟಿಗೆ ಎಳೆದುಕೊಂಡಿತು. ಬೇರೆಯವರಿಗೆ ಗೊತ್ತಾಗುವ ಮೊದಲೇ ಅವನ ಕಿವಿಗೆ ಗೊತ್ತಾಗಿ, ಕೈ ಗುಂಡಿಯ ಮೇಲಿತ್ತು. ಸಿಕ್ಕಿಕೊಂಡ ಕಾಗದವನ್ನು ಅವನು ಆ ಕಡೆಯಿಂದ, ಅವಳು ಈ ಕಡೆಯಿಂದ ಎಳೆಯುತ್ತಿದ್ದಾಗ ಯಜಮಾನರು ಬಂದು ಅಡ್ಡ ನಿಂತರು.

"ನೀವಿಬ್ರೂ ಹೋಗಿ ಕೈ ತೊಳ್ಕೊಂಡು ಬನ್ನಿ. ಮುಲಾಮಿನವರ ಮುಂದೆ ಏನಿದು ಅವತಾರ!"

"ಸಾರ್, ಇಂಕು ಒಣಗುತ್ತೆ."

"ನಾನು ನೋಡ್ಕೋತೀನಿ ಹೋಗಿ. ನಮ್ಮಪ್ಪನ ಕಾಲದ ಮಿಷನ್ನು, ನನಗೆ ತಿಳಿಯಲ್ವಾ?"

ಯಜಮಾನರಿಗೆ ಆ ಮಿಷನ್ನಿನ ಮುಖ ಯಾವುದು ಬೆನ್ನು ಯಾವುದು ಎಂದೂ ಗೊತ್ತಿರಲಿಲ್ಲ. ಆದರೆ ಯಜಮಾನರಿಗೆ ಎದುರಾಡುವವರು ಯಾರು? ಇಬ್ಬರೂ ಹೋಗಿ ಕೈ ತೊಳೆದು ಬಂದರು. ನಲ್ಲಿಯ ಕೆಳಗೆ ಮೇಸ್ತ್ರಿ ಹುಡುಗನಂತೆ ಅವಳ ಮೇಲೆ ನೀರು ಚಿಮುಕಿಸಿದ. ಅವಳಿಗೆ ಆಶ್ಚರ್ಯ. ಅವನು ಹಾಗೆ ಮಾಡಿ ಎಷ್ಟು ಕಾಲವಾಗಿತ್ತು.

"ಏನ್ರೀ ಇವತ್ತು?"

"ಇವತ್ತು ನೋಡ್ತಾ ಇರು ನೀನು," ಎಂದ.

ಮಿಷನ್ ಓಡಿತು. ಮೇಸ್ತ್ರಿ ಹಾಳೆ ತೆಗೆದು ನೋಡುವ ಗೋಜಿಗೂ ಹೋಗದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅಳಿಯ ಪರೀಕ್ಷೆ ಪಾಸು ಮಾಡಿದ್ದಕ್ಕೆ ಬೀಗುವ ಮಾವನಂತಿತ್ತು ಆ ನಿಲುವು. ಸಾಕಷ್ಟು ಹಾಳೆ ಬಿದ್ದ ಮೇಲೆ ಮುಲಾಮಿನವರು ಒಂದನ್ನೆತ್ತಿ, ಜೇಬಿನ ಜಾತಕವನ್ನು ಪಕ್ಕದಲ್ಲಿ ಹಿಡಿದು, ಕಿಟಕಿಯ ಒಂದು ಪಕ್ಕಕ್ಕೆ ಸರಿದು ಬೆಳಕಿಗೆ ತಿರುಗಿದರು. ಕೋಣೆಗೆ ಬೆಳಕು ಬಂತು. ಆ ಬೆಳಕಿನಲ್ಲಿ ಎಲ್ಲರಿಗೂ ಕಾಣಿಸಿತು.

"ಇದೇನ್ರೀ ಇದು? ನನ್ನ ಮುಲಾಮೋ, ನವಿಲಿನ ಕತ್ತೋ?"

ಮಿಷನ್ ಟಕಟಕ ಎನ್ನುತ್ತ ಇನ್ನಷ್ಟು ನವಿಲುಗಳನ್ನು ಕೆಳಗೆ ಬೀಳಿಸುತ್ತಿತ್ತು. ಮೇಸ್ತ್ರಿ ನಿಲ್ಲಿಸಿದ. ಹಾಳೆಯನ್ನೂ ಲೇಬಲ್ಲನ್ನೂ ತೆಗೆದುಕೊಂಡು ಕಿಟಕಿಗೆ ಹೋದ. ಹತ್ತಿರ ಹಿಡಿದ, ದೂರ ಹಿಡಿದ, ಓರೆ ಮಾಡಿದ. ಅವನ ಕತ್ತಿನ ನರ ಉಬ್ಬಿದ್ದು ಅವಳಿಗೆ ಹಿಂದಿನಿಂದ ಕಾಣುತ್ತಿತ್ತು.

"ಕಾಗದದ್ದೇ ತಪ್ಪು! ಹಸಿ ಹಿಡಿದಿದೆ ಅಂತ ನಾನು ಬೆಳಿಗ್ಗೇನೇ ಬಡ್ಕೊಂಡೆ," ಎಂದು ಕತ್ತರಿ ಕೂಗಿದ. ಅವನು ತನ್ನ ಕಾಗದದ ಮೇಲೆ ತಾನೇ ತಪ್ಪು ಹೊರಿಸಿದ್ದನ್ನು ಹಿಂದೆಂದೂ ಯಾರೂ ಕಂಡಿರಲಿಲ್ಲ.

"ಇಂಕಿನ ಕಂಪನಿಯವರು ಸರಿ ಇಲ್ಲ," ಎಂದರು ಯಜಮಾನರು, ಅಷ್ಟೇ ಅವಸರದಲ್ಲಿ. "ಈ ಸಲದ ಮಾಲೇ ಹಾಗೆ. ನಾಳೆ ಮಧ್ಯಾಹ್ನದವರೆಗೆ ಸಮಯ ಕೊಡಿ, ನಮ್ಮ ಖರ್ಚಿನಲ್ಲಿ ಇನ್ನೊಂದು ಸಲ ಹೊಡೆದುಕೊಡ್ತೀವಿ."

"ಕಾಗದ ಸರಿ ಇದೆ, ಇಂಕೂ ಸರಿ ಇದೆ," ಎಂದ ಮೇಸ್ತ್ರಿ ಕಿಟಕಿಯಿಂದ ತಿರುಗದೆ. "ತಪ್ಪು ನಂದು."

ಮುಲಾಮಿನವರು ಗೊಣಗುತ್ತ, ನಾಳೆ ಮಧ್ಯಾಹ್ನ ಎಂದರೆ ನಾಳೆ ಮಧ್ಯಾಹ್ನ ಎಂದು ಬೆರಳು ತೋರಿಸಿ ಇಳಿದುಹೋದರು. ಮೇಸ್ತ್ರಿ ಸೀಮೆಎಣ್ಣೆಯ ಬಟ್ಟೆ ಹಿಡಿದು ರೋಲರುಗಳನ್ನು ತೊಳೆಯತೊಡಗಿದ. ಆಗ ಅವಳ ಕಣ್ಣಿಗೆ ಬಿತ್ತು: ಯಜಮಾನರ ಬಿಳಿ ಅಂಗಿಯ ತೋಳಿನ ಅಂಚಿನಲ್ಲಿ ನೀಲಿ ಕಲೆ. ಅಲ್ಲಿಂದ ಕಣ್ಣು ಕತ್ತರಿಯ ಹೆಬ್ಬೆರಳಿಗೆ ಹೋಯಿತು. ಅದೂ ನೀಲಿ. ಕತ್ತರಿ ಅವಳ ಉಗುರಿನ ಸಂದಿಯ ನೀಲಿ ನೋಡುತ್ತಿದ್ದ. ಯಜಮಾನರು ಇಬ್ಬರನ್ನೂ ನೋಡುತ್ತಿದ್ದರು. ಹಾಲು ಕದಿಯಲು ಬಂದ ಮೂರು ಬೆಕ್ಕುಗಳು ಕತ್ತಲೆಯ ಅಡುಗೆಮನೆಯಲ್ಲಿ ಎದುರುಬದುರಾದಂತಿತ್ತು.

ಕಾಗದದ ಅಟ್ಟಿಯ ಹಿಂದೆ ಪಿಸುಮಾತಿನ ಸಭೆ ಸೇರಿತು.

"ಕತ್ತರಿ, ನೀನೂ ಹಾಕಿದ್ಯಾ?"

"ಹೂಂ ಅತ್ತಿಗೆ. ನಿನ್ನೆ ಯಜಮಾನ್ರು ನಿಮಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅಣ್ಣ ಡಬ್ಬಿ ಬಿಟ್ಟು ಏಳ್ತಾನೇ ಇರ್ಲಿಲ್ಲ. ಕಾಗದ ನೆಪ ಮಾಡಿ ಕರ್ಕೊಂಡು ಹೋದೆ. ಆದ್ರೂ ಮುಲಾಮಿನವರು ಅಲ್ಲೇ ನಿಂತಿದ್ರಲ್ಲ, ನಿಮಗೆ ಧೈರ್ಯ ಬಂದಿರಲ್ಲ ಅಂತ ಆಮೇಲೆ ನಾನೇ..."

"ನಾನು ಹಾಕೋದು ನಿನಗೆ ಗೊತ್ತಿತ್ತಾ?"

"ಅಯ್ಯೋ, ಯಾರಿಗೆ ಗೊತ್ತಿಲ್ಲ ಅತ್ತಿಗೆ?"

ಅವಳು ಯಜಮಾನರ ಕಡೆ ತಿರುಗಿದಳು. ಅವರು ತೋಳನ್ನು ಮಡಚಿ ಕಲೆ ಮುಚ್ಚಿಕೊಂಡರು. "ಗೊತ್ತಿತ್ತಮ್ಮ. ಒಂದೇ ಸಂಬಳಕ್ಕೆ ಇಬ್ರು ಮಿಷನ್ ನೋಡ್ಕೋತಿದ್ರಿ, ನಾನ್ಯಾಕೆ ಬಾಯಿಬಿಡ್ಲಿ? ಇವತ್ತು ಮಾತ್ರ ನೀವು ಹತ್ರ ಹೋಗಿದ್ದು ನಾನು ನೋಡ್ಲಿಲ್ಲ. ಹೇಗೂ ಬೇಕಾಗುತ್ತಲ್ಲ ಅಂತ ಒಂದು ಚಮಚ ಸುರಿದುಬಿಟ್ಟೆ."

"ಚಮಚಾನಾ! ಅದು ಇಂಕು ಸಾರ್, ಕೆಮ್ಮಿನ ಔಷಧಿ ಅಲ್ಲ!" ಎಂದ ಕತ್ತರಿ.

ಇಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು. ಒಳಗೆ ಹಿಡಿದಿಟ್ಟಿದ್ದು ಸಡಿಲಾಯಿತು. ಹಾಗಾದರೆ ಕೆಟ್ಟದ್ದು ಮೂರು ಕೈ ಸೇರಿದ್ದರಿಂದ. ನಾಳೆ ಒಂದೇ ಕೈಯಾದರೆ ಎಲ್ಲ ಸರಿಹೋಗುತ್ತದೆ. ಯಜಮಾನರೂ ಅದನ್ನೇ ಹೇಳಿದರು: "ನಾಳೆ ನಾವ್ಯಾರೂ ಆ ಕಡೆ ತಲೆ ಹಾಕಲ್ಲ. ನೀವೊಬ್ರೇ ನೋಡ್ಕೊಳ್ಳಿ. ಪಾಪ, ಮನುಷ್ಯ ತಪ್ಪು ನಂದು ಅಂದಾಗ ನನಗೆ ಅಲ್ಲೇ ನಿಲ್ಲಕ್ಕಾಗ್ಲಿಲ್ಲ."

ಕೈ ತೊಳೆಯಲು ನಲ್ಲಿಗೆ ಹೋದರೆ ಅಲ್ಲಿ ಪ್ಲೇಟು ಮಾಡುವ ಹುಡುಗಿ ಮುಖಕ್ಕೆ ನೀರು ಎರಚಿಕೊಳ್ಳುತ್ತ ನಿಂತಿದ್ದಳು. ಕಂಪ್ಯೂಟರಿನ ಮುಂದೆ ಕೂರುವವಳು, ಈ ಕಡೆ ಬರುವುದೇ ಅಪರೂಪ. ಮೂಗು ಕೆಂಪಾಗಿತ್ತು.

"ಏನಾಯ್ತೇ ನಿನಗೆ?"

"ಅಕ್ಕ, ನಾನು ಯಾರಿಗೂ ಹೇಳಬಾರದು ಅಂತ ಆಣೆ ಮಾಡಿದೀನಿ."

"ಸರಿ, ಹೇಳ್ಬೇಡ."

ಹೇಳಬೇಡ ಎಂದದ್ದಕ್ಕೇ ಹುಡುಗಿಗೆ ತಡೆಯಲಾಗಲಿಲ್ಲ. "ಮೇಸ್ತ್ರಿ ಬೆಳಿಗ್ಗೆ ಬೇಗ ಬರೋಕೆ ಹೇಳಿದ್ರು ನನಗೆ. ಅವರ ಕಣ್ಣಿನ ಹಿಂದಿನ ನರ ಒಣಗ್ತಾ ಇದೆಯಂತೆ ಅಕ್ಕ. ಪೊರೆ ಆಗಿದ್ರೆ ತೆಗೀಬಹುದಿತ್ತು, ಇದಕ್ಕೆ ಏನೂ ಮಾಡಕ್ಕಾಗಲ್ಲ ಅಂದ್ರಂತೆ ಡಾಕ್ಟ್ರು. 'ಮಗಳೇ, ನನ್ನ ಕೈ, ನಿನ್ನ ಕಣ್ಣು' ಅಂದ್ರು. ಇಬ್ರೂ ಕಿಟಕಿ ಹತ್ರ ನಿಂತು ಒಂದೊಂದೇ ಚಿಟಿಕೆ ಸೇರಿಸಿ ಸೇರಿಸಿ ನೋಡಿದ್ವಿ. ಸರಿಯಾಗಿ ಕೂತಿತ್ತು ಅಕ್ಕ. ಲೇಬಲ್ ಮೇಲೆ ಚುಕ್ಕೆ ಇಟ್ರೆ ಚುಕ್ಕೆ ಕಾಣಿಸ್ತಾನೇ ಇರ್ಲಿಲ್ಲ, ಅಷ್ಟು ಸರಿಯಾಗಿತ್ತು. ಡಬ್ಬಿಗೆ ಹಾಕಿದ್ಮೇಲೆ ಅದು ಹೇಗೆ ಕೆಡ್ತು? ನನ್ನ ಕಣ್ಣೂ ಹೋಗಿದೆಯಾ?"

ನಲ್ಲಿ ಸುರಿಯುತ್ತಲೇ ಇತ್ತು. ಅವಳಿಗೆ ಅದನ್ನು ನಿಲ್ಲಿಸಬೇಕು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಕೈಯಾಗಿದ್ದರೂ ಕೆಡುತ್ತಿತ್ತು ಹಾಗಾದರೆ. ಇಡೀ ವರ್ಷದಲ್ಲಿ ಅವನ ಬಣ್ಣಕ್ಕೆ ಅವಳ ನೀಲಿ ಬೇಡವಾಗಿದ್ದ ದಿನ ಇದೊಂದೇ.

"ನಿನ್ನ ಕಣ್ಣು ಚೆನ್ನಾಗಿದೆ ಕಣೇ," ಎಂದು ಹುಡುಗಿಯ ಬೆನ್ನು ತಟ್ಟಿದಳು. "ಇಂಕಿನ ಕಂಪನಿಯವರು ಸರಿ ಇಲ್ಲವಂತೆ. ಯಜಮಾನ್ರೇ ಹೇಳಿದ್ರು." ಆಮೇಲೆ ಕೇಳಬಾರದೆಂದರೂ ಕೇಳಿದಳು: "ನನ್ನನ್ನ ಯಾಕೆ ಕರೀಲಿಲ್ಲವಂತೆ?"

"ನಿಮಗೆ ಗೊತ್ತಾದ್ರೆ ತಡ್ಕೊಳ್ಳಲ್ಲ ಅಂದ್ರು."

ಸಂಜೆ ಗಂಡಹೆಂಡತಿ ಎಂದಿನಂತೆ ನಡೆದು ಹೊರಟರು. ಅಂಗಡಿಗಳಲ್ಲಿ ದೀಪ ಹತ್ತುವ ಹೊತ್ತು. ರಸ್ತೆ ಬದಿಯ ಕಲ್ಲು ಏರಿಳಿಯುವಲ್ಲಿ ಅವನು ಅವಳ ಭುಜದ ಮೇಲೆ ಕೈಯಿಟ್ಟ, ಏನೋ ಪ್ರೀತಿ ಉಕ್ಕಿದವನಂತೆ. ಇಳಿದ ಮೇಲೂ ತೆಗೆಯಲಿಲ್ಲ. ಇತ್ತೀಚೆಗೆ ಈ ಪ್ರೀತಿ ಮೆಟ್ಟಿಲುಗಳ ಹತ್ತಿರವೇ ಉಕ್ಕುತ್ತಿದ್ದುದು ಏಕೆಂದು ಅವಳಿಗೆ ಈಗ ತಿಳಿಯಿತು. ಹೆಜ್ಜೆ ನಿಧಾನ ಮಾಡಿದಳು.

"ನಿನಗೊಂದು ಮಾತು ಹೇಳ್ಬೇಕು," ಎಂದ. "ಬೈಬೇಡ. ನನ್ನ ಕಣ್ಣು ಹೋಗ್ತಾ ಇದೆ ಕಣೇ. ಬಣ್ಣ ಹೋಗಿ ಒಂದು ವರ್ಷದ ಮೇಲಾಯ್ತು."

"ಹೂಂ."

"ಹೂಂ ಅಂದ್ರೆ? ಅಳು ಗಿಳು ಏನೂ ಇಲ್ವಾ?"

"ಮನೆಗೆ ಹೋಗಿ ಅಳ್ತೀನಿ. ನೀವು ಹೇಳಿ."

ಅವನು ನಕ್ಕ. ನಡೆಯುತ್ತಲೇ ಹೇಳಿದ: "ಒಂದು ವಿಚಿತ್ರ ಕೇಳು. ಈ ಒಂದು ವರ್ಷ ನನಗೆ ಹಸಿರಿಗೂ ಹಳದಿಗೂ ವ್ಯತ್ಯಾಸ ಗೊತ್ತಾಗ್ದೇನೇ ಕಲಸಿದೀನಿ. ದಿನಾ ಬೆಳಿಗ್ಗೆ ಎದೆ ಡವಡವ ಅಂತಿತ್ತು, ಇವತ್ತು ಸಿಕ್ಕಿಬೀಳ್ತೀನಿ ಅಂತ. ಒಂದ್ಸಲಾನೂ ತಪ್ಪಲಿಲ್ಲ. ಒಬ್ರೂ ಒಂದು ಮಾತಾಡ್ಲಿಲ್ಲ. ಯಾಕೆ ಹೇಳು? ಕೈ! ಇಷ್ಟು ವರ್ಷ ಕಲಸಿದ ಕೈ, ಅದಕ್ಕೇ ಗೊತ್ತು ಎಷ್ಟು ಹಾಕ್ಬೇಕು ಅಂತ. ಇವತ್ತು ಹೆದರ್ಕೊಂಡು ಇನ್ನೊಬ್ಬರ ಕಣ್ಣು ನಂಬಿದೆ. ಪಾಪದ ಹುಡುಗಿ, ಅವಳದೇನೂ ತಪ್ಪಿಲ್ಲ. ನಾನು ನನ್ನ ಕೈ ನಂಬಬೇಕಿತ್ತು."

ಅವಳು ದಾರಿಯಲ್ಲಿದ್ದ ಕಲ್ಲೊಂದನ್ನು ಬಳಸಿ ಅವನನ್ನು ಈ ಕಡೆಗೆ ತಂದಳು.

"ನಾಳೆ ಅವಳನ್ನ ಕರೆಯಲ್ಲ. ಯಾರನ್ನೂ ಕರೆಯಲ್ಲ. ನಾನೊಬ್ಬನೇ ಕಲಸ್ತೀನಿ. ನಾಳೆ ಅಲ್ಲದಿದ್ರೆ ಇನ್ನೊಂದು ದಿನ ಸ್ಟೂಲಿನ ಮೇಲೆ ಕೂರೋದು ಇದ್ದೇ ಇದೆ, ಯಜಮಾನ್ರ ಮನಸ್ಸಲ್ಲಿರೋದು ನನಗೇನು ಗೊತ್ತಿಲ್ವಾ? ಕೂತ್ರೂ ಈ ಒಂದು ವರ್ಷ ನನ್ನ ಹತ್ರ ಇರುತ್ತಲ್ಲೇ. ಕಣ್ಣಿಲ್ದೇ ಬಣ್ಣ ಹೊಂದಿಸ್ದೋನು ಅಂತ ಬೇರೆ ಯಾರಿದಾರೆ?"

ಇವತ್ತು ನೀವು ಕಲಸಿದ್ದು ಸರಿಯಾಗಿತ್ತು, ಕೆಡಿಸಿದವಳು ನಾನು. ಈ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಅದೊಂದೇ ಮಾತು ಹೊರಗೆ ಬರುವಂತಿರಲಿಲ್ಲ. ಅದರ ಬೆನ್ನಿಗೇ ಒಂದು ವರ್ಷ ಬರುತ್ತಿತ್ತು, ಒಂದೊಂದು ದಿನವೂ, ಒಂದೊಂದು ಕಾಳೂ. ಇವತ್ತಿನ ಒಂದು ಬಣ್ಣವನ್ನು ಅವನಿಗೆ ಕೊಡಬೇಕೆಂದರೆ ಉಳಿದ ಬಣ್ಣಗಳನ್ನೆಲ್ಲ ಅವನ ಕೈಯಿಂದ ಕಿತ್ತುಕೊಳ್ಳಬೇಕು.

ಎಂದಾದರೂ ಒಂದು ದಿನ ಹೇಳಬೇಕೆಂದು ಅವಳು ಅಂದುಕೊಂಡದ್ದುಂಟು. ಇಬ್ಬರೂ ಮುದುಕರಾದ ಮೇಲೆ, ಯಾವುದೋ ಜಗಳದ ನಡುವೆ ಹೇಳಿಬಿಡುವುದು. ಅವನು ಬಾಯಿ ಬಿಟ್ಟುಕೊಂಡು ಕೂರುವುದು. ಆಮೇಲೆ ತಮಾಷೆಗೆ, ಒಂದೇ ಒಂದು ಸಲ, ಅವಳನ್ನು ಮೇಸ್ತ್ರಿ ಎಂದು ಕರೆಯುವುದು. ಮಡಿಕೆಯ ಮೇಜಿನ ಮುಂದೆ ಕೂತು ಇದನ್ನು ಮನಸ್ಸಿನಲ್ಲೇ ಎಷ್ಟು ಸಲ ಕೇಳಿಸಿಕೊಂಡಿದ್ದಳೋ. ಅವಳ ಬದುಕಿನಲ್ಲಿ ಅವಳು ತನ್ನ ಕಣ್ಣು, ತನ್ನ ಬೆರಳು ಎಂದು ಮಾಡಿದ ಕೆಲಸ ಅದೊಂದೇ. ಪ್ರೆಸ್ಸಿಗೆಲ್ಲ ಗೊತ್ತಿತ್ತಂತೆ. ಅವರಿಗೆ ಗೊತ್ತಾಗಲಿ ಎಂದು ಅವಳು ಮಾಡಿರಲಿಲ್ಲ.

"ಏನೇ, ಸುಮ್ಮನಾದೆ? ನಾಳೆ ಸರಿ ಬರುತ್ತೆ ಅಲ್ವಾ?"

"ಬರುತ್ತೆ ಬಿಡಿ," ಎಂದಳು. "ನಿಮ್ಮ ಕೈಗೆ ಗೊತ್ತಲ್ಲ."

ಭುಜದ ಮೇಲಿನ ಕೈ ಒಂದು ಸಲ ಬಿಗಿಯಾಗಿ ಸಡಿಲವಾಯಿತು. ಎದುರಿಗೆ ಅಡ್ಡರಸ್ತೆ ಬಂತು. ವಾಹನಗಳು ಹಾದುಹೋಗಲೆಂದು ಇಬ್ಬರೂ ನಿಂತರು. ಆ ವರ್ಷ ಅವನದೇ ಆಗಿರಲಿ, ಮುದುಕರಾದ ಮೇಲೂ, ಜಗಳದಲ್ಲೂ, ಅವನಿಲ್ಲದ ಕಾಲಕ್ಕೂ, ಎಂದು ಅಲ್ಲಿ ನಿಂತಷ್ಟು ಹೊತ್ತಿನಲ್ಲಿ ಅವಳು ತೀರ್ಮಾನಿಸಿದಳು. ರಸ್ತೆ ಖಾಲಿಯಾದಾಗ, "ಬನ್ನಿ, ದಾಟೋಣ" ಎಂದಷ್ಟೇ ಹೇಳಿದಳು.